ಮೇಣ ಹಚ್ಚಿದ ಕಂಬಿ

ಮಾರ್ಚ್ 5, ಬುಧವಾರ

ಮತ್ತೆ ತಂಗಿಯ ಸ್ಕೇಟ್ಸ್ ಬಿಚ್ಚಿಕೊಂಡು ಕೂತೆ. ಚಕ್ರದ ಬೋಲ್ಟೆಲ್ಲ ಬಿಗಿಯಾಗೇ ಇವೆ. ನಿನ್ನೆಯೂ ಇದ್ದವು. ಆದರೂ ಕೈ ಸುಮ್ಮನಿರಲ್ಲ. ಎಡಗಾಲಿನ ಪ್ಲೇಟ್ ಸವೆದು ಹೋಗಿದೆ. ಅವಳು ಮೆಟ್ಟಿಲ ಪಕ್ಕದ ಕೈಹಿಡಿ ಕಂಬಿ ಮೇಲೆ ಜಾರೋದು ಚಕ್ರದಲ್ಲಲ್ಲ, ಪಾದದ ಕೆಳಗಿನ ಆ ಪ್ಲಾಸ್ಟಿಕ್ ಪ್ಲೇಟಿನಲ್ಲಿ. ಹೊಸದು ಹಾಕು ಅಂದೆ. ಹಳೇದಾದಷ್ಟೂ ಕಂಬಿಗೆ ಒಗ್ಗುತ್ತೆ ಅಂತಾಳೆ. ಬಿದ್ದರೆ ಹಲ್ಲಿನ ಗತಿ ಏನು ಅಂದೆ. ಕಟ್ಟುಹಲ್ಲು ಮಾಡೋ ಲ್ಯಾಬಿನಲ್ಲಿ ಅವಳ ಕೆಲಸ.

"ಹೋದ್ರೆ ನಾನೇ ಮಾಡ್ಕೋತೀನಿ ಬಿಡಣ್ಣ. ನಿನಗೂ ಒಂದು ಸೆಟ್ ಮಾಡಿಡ್ತೀನಿ. ಹೆದರಿ ಹೆದರಿ ಹಲ್ಲು ಕಡಿದು ನಿನ್ನವೇ ಮೊದಲು ಸವೆಯೋದು."

ಅಮ್ಮ ಒಳಗಿನಿಂದ ನಕ್ಕಳು. ಇಬ್ಬರೂ ಒಂದೇ ಪಾರ್ಟಿ.

ಗಡ್ಡ ಫೋನ್ ಮಾಡಿದ್ದ, ಎಲ್ಲರೂ ಅವನನ್ನ ಕರೆಯೋದೇ ಹಾಗೆ. ಸ್ಕೇಟ್ ಅಂಗಡಿ ಅವನದು, ನಮ್ಮ ಗುಂಪಿನ ವಿಡಿಯೊ ಜೋಡಿಸೋನೂ ಅವನೇ. ಮುಂದಿನ ತಿಂಗಳು ಅಂಗಡಿ ಗೋಡೆ ಮೇಲೆ ಎಲ್ಲರಿಗೂ ತೋರಿಸ್ತಾನಂತೆ. ವಿಡಿಯೊದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾರ್ಟ್, ಕೊನೇದು ತಂಗಿಗೆ. ಅದು ದೊಡ್ಡ ಮರ್ಯಾದೆ, ಕೇಳಿದರೆ ಸಿಗೋದಲ್ಲ. ಆದರೆ ಅದರ ಕೊನೇ ಕ್ಲಿಪ್ ಇನ್ನೂ ಬಾಕಿ... ಮುಚ್ಚಿಹೋದ ಆಫೀಸಿನ ಹಿಂದಿನ ಮೆಟ್ಟಿಲ ಕಂಬಿ. ಇಳಿಯುತ್ತೆ, ನಡುವೆ ಮಟ್ಟಸ ಆಗುತ್ತೆ, ಮತ್ತೆ ಇಳಿಯುತ್ತೆ. ಆ ಬಾಗಿಗೆ ಮುರುಕು ಅಂತೀವಿ, ಅಲ್ಲೇ ಎಲ್ಲರೂ ಬೀಳೋದು.

ಕ್ಯಾಮೆರಾ ಹಿಡಿಯೋನು ನಾನು. ಯಾವಾಗಲೂ ನಾನೇ. ನಾನು ಕಂಬಿ ಹತ್ತಿದವನಲ್ಲ. ಆದರೆ ಅವಳು ಬಿದ್ದದ್ದೆಲ್ಲ ಹತ್ತಿರದಿಂದ ಕಂಡಿದೀನಿ.

ಮಾರ್ಚ್ 9, ಭಾನುವಾರ

ಅಕ್ಷರ ಸೊಟ್ಟ. ಇರಲಿ, ಯಾವ ಮೇಷ್ಟ್ರು ನೋಡಬೇಕು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು.

ಇವತ್ತು ಆ ಆಫೀಸಿನ ಹಿಂದೆ ಹೋಗಿದ್ದೆವು. ಮೊದಲು ಕಂಬಿ ಉದ್ದಕ್ಕೂ ಅಂಗೈ ಸವರಿದೆ. ವೆಲ್ಡಿಂಗ್ ಗಂಟು ಒಂದು ಸಿಕ್ಕಿತು, ಅರದಿಂದ ಉಜ್ಜಿದೆ. ಮೇಣದಬತ್ತಿ ತಿಕ್ಕಿದೆ. ಮೇಣ ಇಲ್ಲದ ಕಬ್ಬಿಣ ಕಾಲು ಕಚ್ಚಿ ಹಿಡಿಯುತ್ತೆ. ಕಾಲು ಅಲ್ಲೇ ನಿಲ್ಲುತ್ತೆ, ಮೈ ಮುಂದೆ ಹೋಗುತ್ತೆ. ಮುಖ ಮೊದಲು.

"ಆಯ್ತಾ ಅಣ್ಣ?" ಅಂತ ಮೇಲಿಂದ ಕೇಳಿದಳು. ಆಯ್ತು ಅಂದೆ. ಪ್ರತಿಸಲ ಇಷ್ಟೇ ಮಾತು.

ಬಿದ್ದಳು. ಮತ್ತೆ ಬಿದ್ದಳು, ಸೊಂಟ ಮೆಟ್ಟಿಲ ಅಂಚಿಗೆ ಬಡಿಯಿತು, ಆ ಸದ್ದು ಇನ್ನೂ ಕಿವಿಯಲ್ಲಿದೆ. ಸಾಕು ಅಂದೆ. ಕೇಳೋಳಾ. ಮತ್ತೆ ಬಂದಳು. ಮುರುಕಿನ ಹತ್ತಿರ ಕಾಲು ಅಲುಗಿತು... ಹೋದಳು ಅಂದುಕೊಂಡೆ. ಕ್ಯಾಮೆರಾ ಬಿಟ್ಟು ಕೈ ಚಾಚಿ ಓಡಿದೆ.

ಅವಳು ಬೀಳಲಿಲ್ಲ. ಪೂರ್ತಿ ಜಾರಿ, ಕೊನೆಯಲ್ಲಿ ನೆಗೆದು, ನನ್ನ ಪಕ್ಕದಿಂದಲೇ ಉರುಳಿ ಹೋದಳು. ಎರಡೂ ಕೈ ಮೇಲೆ. "ಬಂತಾ? ಅಣ್ಣ, ಬಂತಾ?"

ಕ್ಲಿಪ್ ನೋಡಿದಳು. ಮುರುಕಿನ ತನಕ ಅವಳು. ಆಮೇಲೆ ನನ್ನ ಶೂ. ಆಮೇಲೆ ಆಕಾಶ.

ಬೈದಿದ್ದರೆ ಚೆನ್ನಾಗಿತ್ತು. ಕ್ಯಾಮೆರಾ ವಾಪಸ್ ನನ್ನ ಕೈಗಿಟ್ಟು ಸ್ಕೇಟ್ಸ್ ಬಿಚ್ಚೋಕೆ ಕೂತಳು.

ಮಾರ್ಚ್ 10, ಸೋಮವಾರ

ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡು — ಕ್ಲಿಪ್ ಇಲ್ಲ ಅಂದರೆ ಅದು ಆಗಿಲ್ಲ. ಕಣ್ಣಲ್ಲಿ ಕಂಡೆ ಅಂದರೆ ನಡೆಯಲ್ಲ. ಗಡ್ಡ ಒಂದು ದಾರಿ ಹೇಳಿದ. ಮುರುಕಿನ ತನಕ ಇದೆಯಲ್ಲ, ಕಂಬಿಯ ತುದಿಯಿಂದ ಸುಮ್ಮನೆ ನೆಗೆದದ್ದು ಬೇರೆ ತೆಗೆದು ಅಂಟಿಸೋಣ, ಯಾರಿಗೂ ಗೊತ್ತಾಗಲ್ಲ. ನನಗೆ ಹೋದ ಜೀವ ಬಂತು. ಹಾಗೇ ಮಾಡೋಣ ಅಂತ ಅವಳಿಗೆ ದುಂಬಾಲು ಬಿದ್ದೆ.

"ಅವರಿವರಿಗೆ ಗೊತ್ತಾಗಲ್ಲ. ನಾನು ಎಲ್ಲಿಗೆ ಹೋಗಲಿ?" ಅಂದಳು.

ಭಾನುವಾರ ಮತ್ತೆ ಹೋಗ್ತಾಳಂತೆ. ಕ್ಯಾಮೆರಾ ಗಡ್ಡನ ಕೈಗೆ. ನನ್ನ ಮುಖ ನೋಡದೆ ಹೇಳಿದಳು.

ಮಾರ್ಚ್ 13, ಗುರುವಾರ

ತಂಗಿಯ ಸೊಂಟದ ಹತ್ತಿರ ನೇರಳೆ ಬಣ್ಣ. ಅಮ್ಮ ಮುಲಾಮು ಹಚ್ಚಿದಳು. ಮೆಟ್ಟಿಲಲ್ಲಿ ಬಿದ್ದೆ ಅಂದಿದಾಳೆ ಇವಳು. ಸುಳ್ಳೂ ಅಲ್ಲ. ಅಮ್ಮ ಮುಲಾಮಿನ ಮುಚ್ಚಳ ಹಾಕ್ತಾ ನನಗೆ ಹೇಳಿದಳು, ನೀನು ಜೊತೆಗಿರ್ತೀಯಲ್ಲ, ಅದೇ ಧೈರ್ಯ ಅಂತ. ಊಟ ಅರ್ಧಕ್ಕೇ ಬಿಟ್ಟು ತಟ್ಟೆ ತೊಳೆಯೋಕೆ ಎದ್ದೆ.

ಈ ಭಾನುವಾರ ನಾನು ಜೊತೆಗಿರಲ್ಲ. ನಾನು ಕೆಲಸ ಮಾಡೋ ಲಾಂಡ್ರಿಯಲ್ಲಿ ಕೇಳಿ ಡ್ಯೂಟಿ ಹಾಕಿಸಿಕೊಂಡೆ. ಇದ್ದೂ ನೋಡಲಾರೆ. ಇಲ್ಲದೆ ಹೇಗಿರಲಿ... ಅದೇ ಸೊಂಟದ ಮೇಲೆ ಮತ್ತೆ ಬಿದ್ದರೆ? ತಲೆ ಬಡಿದರೆ?

ಮಾರ್ಚ್ 15, ಶನಿವಾರ, ಬೆಳಗ್ಗೆ

ಕೆಲಸಕ್ಕೆ ಹೋಗೋ ಮುಂಚೆ ಆ ಕಂಬಿ ಹತ್ತಿರ ಹೋಗಿ ಬಂದೆ. ಸೀಮೆಎಣ್ಣೆ, ಚಿಂದಿ ಬಟ್ಟೆ, ತಂತಿ ಬ್ರಷ್. ಕಂಬಿಯ ಮೇಣ ಎಲ್ಲ ತೆಗೆದುಬಿಟ್ಟೆ. ಮುರುಕಿನ ಹತ್ತಿರ ಚೆನ್ನಾಗಿ ಉಜ್ಜಿದೆ, ಬೆರಳು ತಡೆದು ನಿಲ್ಲೋ ಹಾಗೆ. ನಾಳೆ ಮುಟ್ಟಿ ನೋಡಿ, ಕಂಬಿ ಸರಿ ಇಲ್ಲ ಅಂತ ವಾಪಸ್ ಬರ್ತಾಳೆ. ಬರಲೇಬೇಕು. ಯಾರಿಗೂ ಏಟಿಲ್ಲ.

ಮೊದಲ ಸಲ ಎದೆ ಹಗುರ. ಎರಡು ಲೋಟ ಟೀ ಕುಡಿದೆ.

ಮಾರ್ಚ್ 16, ಭಾನುವಾರ

ಬರೀಬೇಕು. ಬರೆಯದಿದ್ದರೆ ತಲೆಯೊಳಗೇ ಸುತ್ತುತ್ತೆ.

ಲಾಂಡ್ರಿಯಲ್ಲಿ ನಾನು ದೊಡ್ಡ ರೋಲರ್ ಹತ್ತಿರ. ಒಂದು ಕಡೆ ಒದ್ದೆ ಬೆಡ್‌ಶೀಟ್ ಕೊಡೋದು, ಆ ಕಡೆ ಇಸ್ತ್ರಿಯಾಗಿ ಬರುತ್ತೆ. ಬಿಸಿ ಕಬ್ಬಿಣಕ್ಕೆ ಬಟ್ಟೆ ಅಂಟಬಾರದು ಅಂತ ಶುರುವಿಗೇ ಮೇಣದ ಬಟ್ಟೆ ಓಡಿಸಬೇಕು. ಅದು ನನ್ನ ಕೆಲಸ. ಇವತ್ತು ಎಲ್ಲೋ ಮನಸ್ಸು, ಮರೆತೆ. ಮೊದಲನೇ ಶೀಟೇ ಕಚ್ಚಿಕೊಂಡು ಮುದ್ದೆಯಾಯ್ತು. ಆ ತುದಿಯಲ್ಲಿ ಮಡಚೋ ಅಕ್ಕ ಕೈ ಸುಟ್ಟುಕೊಂಡಳು. ಮೆಷಿನ್ ನಿಲ್ಲಿಸಿದೆ. ಮೇಣ ಹಾಕಿಲ್ವಾ ಅಂದಳು. ನೀವು ನೋಡಬೇಕಿತ್ತಲ್ಲಕ್ಕ ಅಂತ ನಾನೇ ರೇಗಿದೆ.

"ದಿನಾ ನೀನೇ ಹಾಕ್ತೀಯ. ನಾನ್ಯಾಕೆ ನೋಡ್ಲಿ?"

ಅಲ್ಲೇ ನಿಂತೆ.

ತಂಗಿ ಕಂಬಿ ಮುಟ್ಟಿ ನೋಡಲ್ಲ. ಒಂದು ದಿನವೂ ನೋಡಿಲ್ಲ. ಆಯ್ತಾ ಅಂತಾಳೆ, ಬರ್ತಾಳೆ. ಹೋದ ವಾರ ಅಣ್ಣ ಮೇಣ ಹಚ್ಚಿದ್ದಾನೆ, ಅದೇ ಕಂಬಿ, ಅದೇ ವೇಗ...

ಅಕ್ಕನ ಕೈಗೆ ತಣ್ಣೀರು ಸಹ ಹಾಕದೆ ಓಡಿದೆ. ಫೋನ್ ಮಾಡಿದರೆ ಎತ್ತಲ್ಲ, ಸ್ಕೇಟ್ ಕಟ್ಟಿದ ಮೇಲೆ ಅವಳು ಫೋನ್ ಮುಟ್ಟಲ್ಲ. ಗಡ್ಡನದು ಆಫ್. ದಾರಿಯಲ್ಲಿ ಒಂದು ಚಪ್ಪಲಿ ಹೋಯ್ತು. ನಾನು ತಲುಪಿದಾಗ ಅವಳು ಮೇಲೆ ವೇಗ ತಗೊಂಡು ಬರ್ತಾ ಇದ್ದಳು. ಮೆಟ್ಟಿಲು ಹತ್ತಿ ಕಂಬಿ ತಬ್ಬಿಕೊಂಡು ನಿಂತುಬಿಟ್ಟೆ. ಅವಳು ಹೇಗೋ ಕಾಲು ತಿರುಗಿಸಿ ಗೋಡೆಗೆ ಕೈ ಕೊಟ್ಟು ನಿಂತಳು.

"ಮೇಣ ಇಲ್ಲ" ಅಂದೆ.

"ನೀನೇ ಹಚ್ಚಿದ್ಯಲ್ಲ."

"ನಾನೇ ತೆಗೆದೆ."

ಗಡ್ಡ ಕ್ಯಾಮೆರಾ ಇಳಿಸಿದ. ತಲೆ ಕೆಟ್ಟಿದ್ಯೇನೋ ನಿನಗೆ ಅಂದ. ಅವಳು ಇಳಿದು ಬಂದು ಕಂಬಿ ಮೇಲೆ ಒಂದು ಬೆರಳಿಟ್ಟಳು. ಎಳೆದಳು. ಬೆರಳು ಮೂಸಿದಳು. ಸೀಮೆಎಣ್ಣೆ. ಆಮೇಲೆ ನನ್ನ ಬರಿಗಾಲು ನೋಡಿದಳು.

"ಹೆದರೋದು ನಿನ್ನಿಷ್ಟ ಅಣ್ಣ, ಎಷ್ಟು ಬೇಕಾದ್ರೂ ಹೆದರು. ನನ್ನ ಕಾಲ ಕೆಳಗೆ ಕೈ ಹಾಕಬೇಡ."

ಸ್ಕೇಟ್ಸ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋದಳು. ಇವತ್ತು ಬೇಡ ಅಂತ ಗಡ್ಡನಿಗೆ ಹೇಳಿದಳು. ನನಗಲ್ಲ.

ಮಾರ್ಚ್ 24, ಸೋಮವಾರ

ಮಾತಿಲ್ಲ. ಉಪ್ಪು ಬೇಕಾದರೂ ಅಮ್ಮನ ಮೂಲಕ. ಏನು ಮುಖ ಊದಿಸಿಕೊಂಡಿದ್ದೀರಿ ಇಬ್ಬರೂ ಅಂತ ಅಮ್ಮ ಕೇಳಿ ಕೇಳಿ ಸುಸ್ತಾದಳು.

ಸ್ಕೇಟ್ಸ್ ಈಗ ಅವಳ ರೂಮಿನಲ್ಲಿ. ಬಾಗಿಲು ಹಾಕಿಕೊಂಡು ಅವಳೇ ಬೋಲ್ಟ್ ಬಿಗೀತಾಳೆ. ಹೊರಗೆ ಕೇಳಿಸುತ್ತೆ. ಜಾಸ್ತಿ ಬಿಗೀತಾಳೆ, ಹಾಗೆ ಬಿಗಿದರೆ ಚಕ್ರ ತಿರುಗಲ್ಲ. ಬಾಗಿಲ ತನಕ ಹೋದೆ. ತಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಸಡಿಲ ಮಾಡಿದ ಸದ್ದು.

ಲಾಂಡ್ರಿ ಅಕ್ಕನ ಕೈ ಗುಳ್ಳೆ ಒಣಗಿದೆ. ಅವಳು ಈಗ ದಿನಾ ಬೆಳಗ್ಗೆ ರೋಲರ್ ಮೇಣ ತಾನೇ ನೋಡ್ತಾಳೆ, ನಾನು ಹಾಕಿದ ಮೇಲೂ. ಬಗ್ಗಿ ನೋಡ್ತಾಳೆ ಅಷ್ಟೆ.

ಮಾರ್ಚ್ 29, ಶನಿವಾರ

ಕೆಲಸದಿಂದ ಬಂದರೆ ದಿಂಬಿನ ಮೇಲೆ ಕ್ಯಾಮೆರಾ. ಬ್ಯಾಟರಿ ಫುಲ್. ಅವಳು ಬಾಗಿಲಲ್ಲಿ.

ಗಡ್ಡ ಇದಾನಲ್ಲ ಅಂದೆ.

"ಗಡ್ಡ ಕ್ಯಾಮೆರಾ ಹಿಡಿದ್ರೆ ಕಂಬಿ ಚೆನ್ನಾಗಿ ಬರುತ್ತೆ. ಅದರಲ್ಲಿ ನಾನು ಕಾಣಲ್ಲ." ಆಮೇಲೆ, "ಬಿದ್ರೂ ಕ್ಯಾಮೆರಾ ಬಿಡಬಾರದು. ಬಿದ್ದದ್ದೂ ಬೇಕು ನನಗೆ."

ಹೂಂ ಅಂದೆ. ಆಗುತ್ತೋ ಇಲ್ಲವೋ.

ಮಾರ್ಚ್ 30, ಭಾನುವಾರ, ಮೆಟ್ಟಿಲ ಕೆಳಗೆ

ತೊಡೆ ಮೇಲೆ ಇಟ್ಟುಕೊಂಡು ಬರೀತಿದೀನಿ. ಕೈಗೆ ಏನಾದರೂ ಕೆಲಸ ಬೇಕು. ಬೋಲ್ಟ್ ಬಿಗಿದೆಯಾ ಅಂತ ಕೇಳಲಿಲ್ಲ. ಹೆಲ್ಮೆಟ್ ಹಾಕಿದಾಳೆ — ನಾನು ಹೇಳದೆ.

ಮೇಣ ಅವಳೇ ತಿಕ್ಕಿದಳು. ಈಗ ಅಂಗೈ ಸವರುತ್ತಾ ಇಳೀತಿದಾಳೆ, ಮೇಲಿಂದ ಕೆಳಗೆ, ನನ್ನ ಹಾಗೇ. ಮುರುಕಿನ ಹತ್ತಿರ ನಿಂತಳು. ಮತ್ತೆ ಸವರಿದಳು. ನನ್ನ ಕಡೆ ನೋಡಿದಳು.

"ಆಯ್ತಾ?" ಅಂತ ನಾನು ಕೇಳಿದೆ.

"ಆಯ್ತು" ಅಂದಳು.

ಮೇಲೆ ಹೋದಳು. ಬಿದ್ದರೆ ನೋಡಬೇಕು. ಕೊನೇ ತನಕ ನೋಡಬೇಕು. ಚಕ್ರದ ಸದ್ದು ಬರ್ತಿದೆ, ಇನ್ನೂ ಸುಮ್ಮನೆ ಸುತ್ತು ಹಾಕ್ತಿದಾಳೆ. ನಿಂತಳು. ಕೈ ಎತ್ತಿದಳು. ಈ ಡೈರಿ ಕೆಳಗಿಡಬೇಕು, ಕ್ಯಾಮೆರಾ ಎರಡೂ ಕೈಯಲ್ಲಿ