ಪಟ್ಟಿಯಲ್ಲಿಲ್ಲದ ಮಾತ್ರೆ

ಜನವರಿ ೭, ಮಂಗಳವಾರ. ಟೊಲಿಡೊ.

ಇನ್ನೂ ಮೈ ಉರಿಯುತ್ತಿದೆ. ಹೊಸ ವರ್ಷ ಬಂತೆಂದು ವಿಮೆ ಕಂಪನಿ ನನ್ನ ರೋಗಿ ವೆಂಡಲ್ ಸ್ಟಕಿಯವರ ಫಿಟ್ಸ್ ಮಾತ್ರೆಯನ್ನು ತಾನು ದುಡ್ಡು ಕೊಡುವ ಔಷಧಿಗಳ ಪಟ್ಟಿಯಿಂದ ಕಿತ್ತುಹಾಕಿದೆ. ಅದನ್ನು ನುಂಗಲು ಶುರುಮಾಡಿದ ಮೇಲೆ ಅವರಿಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಕೈಯಿಂದ ದುಡ್ಡು ಹಾಕಿ ಕೊಳ್ಳೋಣವೆಂದರೆ ತೀರಾ ದುಬಾರಿ. ಮಧ್ಯಾಹ್ನವೆಲ್ಲ ಫೋನು ಹಿಡಿದು ಕೂತ ಮೇಲೆ ಇಂಥದ್ದಕ್ಕೆ ಒಪ್ಪಿಗೆ ಕೊಡುವ ಕಂಪನಿಯ ಡಾಕ್ಟರ್ ಸಿಕ್ಕ. ಆ ಮಹಾಶಯ ಚರ್ಮರೋಗದವನು.

“ಮೊದಲು ನಮ್ಮ ಪಟ್ಟೀಲಿರೋದನ್ನ ಕೊಟ್ಟು ನೋಡಿ. ಫೇಲಾದ್ರೆ ನಿಮ್ಮದನ್ನ ಒಪ್ತೀವಿ.”

“ಫೇಲಾಗೋದು ಅಂದ್ರೆ?” ಎಂದೆ.

“ಒಂದು ಸಲ ಫಿಟ್ಸ್ ಬಂದ್ರೆ ಸಾಕು.”

“ಅವರು ಕಾರು ಓಡಿಸ್ತಾರೆ. ಹೆಂಡ್ತೀನ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋಕೆ ಬೇರೆ ಯಾರೂ ಇಲ್ಲ.”

“ಓಡಿಸ್ಬೇಡಿ ಅಂತ ಹೇಳಿ.”

ಫೋನಿಟ್ಟುಬಿಟ್ಟ.

ಸಂಜೆ ವೆಂಡಲ್ ಬಂದಾಗ ಹೇಳಿದೆ. ಬೇರೆ ದಾರಿ ಕಾಣದೆ ಪಟ್ಟಿಯ ಮಾತ್ರೆಯನ್ನೇ ಬರೆದೆ, ನನ್ನ ಕೈಯಾರೆ. ಅವರು ಟೋಪಿಯನ್ನು ತಿರುವುತ್ತಾ ಕೂತಿದ್ದರು.

“ಫಿಟ್ಸ್ ಬರೋದಾದ್ರೆ ಮಂಗಳವಾರವೋ ಗುರುವಾರವೋ ಬರ್ಲಿ ಡಾಕ್ಟ್ರೇ. ಆ ದಿನ ಲೊರೀನ್‌ಗೆ ಡಯಾಲಿಸಿಸ್ ಇರಲ್ಲ.”

ನನ್ನನ್ನು ನಗಿಸಲು ಹೇಳಿದರೋ ಏನೋ. ನಗು ಬರಲಿಲ್ಲ. ಅವರ ಹಳೆಯ ಮಾತ್ರೆ ಇವತ್ತಿಗೆ ಮುಗಿಯಿತು.

ನಾಳೆ ಬುಧವಾರ.