ಎರಡನೇ ಪಂಪು

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೮, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕಣ್ಣಿನ ಆಪರೇಷನ್ ಆಯಿತೇ? ನಾನು ಗಟ್ಟಿಯಾಗಿದ್ದೇನೆ. ಇಷ್ಟು ಓದಿ ಸಮಾಧಾನ ಮಾಡಿಕೊಂಡು ಆಮೇಲೆ ಮುಂದಕ್ಕೆ ಓದು.

ಹನ್ನೆರಡು ದಿನದ ಹಿಂದೆ ಬೆಳಗ್ಗೆ, ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದಾಗ ಎದೆ ಹಿಂಡಿದಂತಾಗಿ ಕುಸಿದುಬಿದ್ದೆ. ಆಮೇಲಿನ ಆರು ದಿನದ ಕಥೆಯೆಲ್ಲ ನಾನು ಬೇರೆಯವರಿಂದ ಕೇಳಿದ್ದು. ಮುಚ್ಚಿಹೋಗಿದ್ದ ರಕ್ತನಾಳವನ್ನು ತೆರೆದರಂತೆ. ಆದರೆ ಹೃದಯಕ್ಕೆ ರಕ್ತ ತಳ್ಳುವ ತ್ರಾಣವೇ ಉಳಿದಿರಲಿಲ್ಲ. ಬಿ.ಪಿ. ಪಾತಾಳಕ್ಕಿಳಿಯಿತು, ಕೈಕಾಲು ತಣ್ಣಗಾದವು, ಮೂತ್ರವೂ ನಿಂತಿತು. ಆಗ ಮಂಚದ ಪಕ್ಕಕ್ಕೆ ದೊಡ್ಡದೊಂದು ಪಂಪು ಬಂತು. ಮೈಯ ರಕ್ತವನ್ನು ಹೊರಗೆಳೆದು, ಆಮ್ಲಜನಕ ಬೆರೆಸಿ, ಮತ್ತೆ ಮೈಗೇ ನೂಕುವ ಯಂತ್ರ. ಸ್ವಲ್ಪ ಹೊತ್ತಿಗೆ ಕೈಕಾಲು ಬೆಚ್ಚಗಾದವು. ನರ್ಸುಗಳಿಗೂ ಹೋದ ಜೀವ ಬಂದಂತಾಯಿತಂತೆ.

ಮಾರನೆಯ ಮಧ್ಯಾಹ್ನ ಶ್ವಾಸಕೋಶದಲ್ಲಿ ನೀರು ತುಂಬತೊಡಗಿತು. ಯಾಕೆಂದು ಡಾಕ್ಟರಮ್ಮ ನಿನ್ನೆ ಬಿಡಿಸಿ ಹೇಳಿದರು: "ಆ ಪಂಪು ನಿಮ್ಮ ಮೈಯನ್ನ ಕಾಪಾಡ್ತಿತ್ತು, ಹೃದಯಾನಲ್ಲ. ಅದು ನೂಕಿದ ರಕ್ತ ಹೃದಯದ ಬಾಗಿಲಿಗೇ ಬಂದು ಒತ್ತುತ್ತೆ. ಸುಸ್ತಾಗಿರೋ ಎಡಗಡೆ ಕೋಣೆ ಆ ಒತ್ತಡಕ್ಕೆ ಎದುರಾಗಿ ಬಾಗಿಲು ತೆಗೀಬೇಕು. ಅದಕ್ಕಾಗಲಿಲ್ಲ. ರಕ್ತ ಒಳಗೇ ನಿಂತು ಕೋಣೆ ಉಬ್ಬಿಹೋಯ್ತು, ಆ ಒತ್ತಡ ಹಿಂದಕ್ಕೆ ತಳ್ಳಿ ಶ್ವಾಸಕೋಶಕ್ಕೆ ನೀರು ಇಳೀತು."

ಅದಕ್ಕೇ ತೊಡೆಯ ರಕ್ತನಾಳದಿಂದ ಪೆನ್ಸಿಲಿಗಿಂತ ಸಣ್ಣ ಪಂಪೊಂದನ್ನು ಆ ಕೋಣೆಯೊಳಕ್ಕೇ ತೂರಿಸಿದರು. ನಿಂತ ರಕ್ತವನ್ನು ಹೀರಿ ಮುಂದಿನ ದೊಡ್ಡ ನಾಳಕ್ಕೆ ಬಿಡುವುದು ಅದರ ಕೆಲಸ. ಹಾಕಿದರೆ ಕಾಲಿಗೆ ಅಪಾಯ, ರಕ್ತಸ್ರಾವವೂ ಆಗಬಹುದು. ಹಾಕದಿದ್ದರೆ ಹೃದಯ ದಣಿದು ನಿಂತೇ ಹೋಗಬಹುದು. ಹಾಕಿದರು. ಸಂಜೆಗೆ ಉಬ್ಬು ಇಳಿಯತೊಡಗಿತು. ದುಡಿಮೆಯ ಹೊರೆ ಕಡಿಮೆಯಾದ ಮೇಲೆ ಹೃದಯ ಮೆಲ್ಲಗೆ ಚೇತರಿಸಿಕೊಂಡಿತು. ನಾಲ್ಕನೇ ದಿನ ದೊಡ್ಡ ಪಂಪು ತೆಗೆದರು, ಏಳನೇ ದಿನ ಸಣ್ಣದನ್ನು.

"ಇಷ್ಟು ವರ್ಷದಲ್ಲಿ ನನ್ನ ಡ್ಯೂಟಿ ಬೇರೆಯವರು ಮಾಡಿದ್ದು ಇದೇ ಮೊದಲು" ಅಂದೆ. ಡಾಕ್ಟರಮ್ಮ ನಕ್ಕು, "ಮೂರು ತಿಂಗಳು ಪ್ರೆಸ್ಸಿನ ಹೆಸರೆತ್ತಿದ್ರೆ ನೋಡಿ!" ಎಂದು ಗದರಿದರು. ಇವತ್ತು ವರಾಂಡದ ತುದಿಯವರೆಗೂ ನಡೆದೆ. ಇನ್ನು ಹೆದರಿಕೆಯಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ಮೊಂಡ ತಮ್ಮ

ತಾ.ಕ.: ಈ ಸೊಟ್ಟ ಅಕ್ಷರ ನನ್ನದು. ಮೇಲಿನದೆಲ್ಲ ನಾನು ಹೇಳಿದ್ದು, ಬರೆದವಳು ನನ್ನ ಹೆಂಡತಿ. ಔಷಧಿ ತರಲು ಕೆಳಗೆ ಹೋಗಿದ್ದಾಳೆ, ಅಷ್ಟರಲ್ಲಿ ಮುಗಿಸಬೇಕು. ಒಂದು ಮಾತನ್ನು ಅವಳು ಬರೆಯಲು ಒಪ್ಪಲಿಲ್ಲ. ಎರಡನೇ ಪಂಪಿಗೆ ಸಹಿ ಹಾಕುವ ಮುಂಚೆ ನಿನಗೆ ಮೂರು ಸಲ ಫೋನು ಮಾಡಿದ್ದಳು. ಅವಳ ನಂಬರೆಂದು ನೀನು ಎತ್ತಲಿಲ್ಲ. ಒಬ್ಬಳೇ ನಿರ್ಧರಿಸಿದಳು. ನಮ್ಮ ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ಇನ್ನೂ ನೀನು ಅವಳನ್ನು ಮಾತಾಡಿಸಿಲ್ಲ. ಭಾನುವಾರ ಬಾ ಅಕ್ಕಾ. ನಾನೆಲ್ಲಿಗೂ ಹೋಗುವುದಿಲ್ಲ, ಮೊದಲು ಅವಳ ಹತ್ತಿರ ಹೋಗು.