ಎಡಗಡೆ ಸೀಟಿನ ಮೀಟರು

ಭಾನುವಾರ, ಜುಲೈ ೬

ಪ್ರೀತಿಯ ಪುಟ್ಟಿಗೆ,

ಅರವತ್ತು ದಾಟಿದವಳನ್ನು ಪುಟ್ಟಿ ಎಂದು ಕರೆಯಬಾರದು ಅಂತ ನಿನ್ನ ಸೊಸೆ ಹೇಳಿದಳಂತೆ. ಅವಳು ಹುಟ್ಟುವುದಕ್ಕೂ ಎಷ್ಟೋ ಮೊದಲು ನಿನ್ನ ಮೂಗು ಒರೆಸಿದವಳು ನಾನು. ಆ ಅಧಿಕಾರದಿಂದ ಹಾಗೇ ಕರೆಯುತ್ತೇನೆ. ನೀವೆಲ್ಲ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮೂರನೆಯವಳು ಮಾತ್ರ ಗ್ಯಾರೇಜಿನಲ್ಲಿದ್ದಾಳೆ.

ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರ ಬರೆಯಲು ತಡವಾಯಿತು, ಹೊಟ್ಟೆಗೆ ಹಾಕಿಕೋ. ನಿನ್ನ ಯಜಮಾನರು ಮೆಟ್ಟಿಲಿಂದ ಜಾರಿಬಿದ್ದು ಕೈ ಮುರಿದುಕೊಂಡ ಸುದ್ದಿಯನ್ನು ನೀನು ಫೋನಿನಲ್ಲಿ ಹೇಳಿದರೆ, ನಾನು 'ಒಳ್ಳೇದಾಯ್ತು ಬಿಡು' ಎಂದು ಫೋನ್ ಇಟ್ಟೆನಂತೆ. ನಾನು ಹಾಗೆ ಅಂದಿರಲಾರೆ. ಅಂದಿದ್ದರೆ ಲೈನು ಸರಿ ಇರಲಿಲ್ಲ ಅಂತ ಅರ್ಥ. ಈಚೆಗೆ ಫೋನುಗಳೇ ಹಾಗಾಗಿವೆ. ಜನರೂ ಅಷ್ಟೆ, ಬಾಯಿ ಬಿಟ್ಟು ಮಾತಾಡುವವರೇ ಇಲ್ಲ, ಎಲ್ಲರೂ ಒಳಗೊಳಗೇ ಗೊಣಗುತ್ತಾರೆ. ಇರಲಿ, ಅವರ ಮೂಳೆ ಬೇಗ ಕೂಡಿಕೊಳ್ಳಲಿ. ಒಂದು ಕೈ ಕಟ್ಟಿಹಾಕಿದ ಮೇಲಾದರೂ ಮನೆಯ ನಲ್ಲಿಗಳನ್ನು ತಾವೇ ರಿಪೇರಿ ಮಾಡುವ ಚಟ ಬಿಡಲಿ.

ಮೂರನೆಯವಳು ಯಾರು ಎಂದು ನಿನ್ನ ಸೊಸೆ ಕೇಳಿದರೆ ಹೇಳು: ನಿನ್ನ ಭಾವನ ಹಳೇ ಕಾರು. ನಾನು ಮದುವೆಯಾಗಿ ಬರುವ ಮೊದಲೇ ಅವಳು ಈ ಮನೆಯ ಶೆಡ್ಡಿನಲ್ಲಿ ತಳವೂರಿದ್ದಳು. ಹಾಗಾಗಿ ನನ್ನ ಮಕ್ಕಳು ಅವಳನ್ನು ದೊಡ್ಡಮ್ಮ ಎಂದೇ ಕರೆದು ಬೆಳೆದರು. ಅವಳ ವಿಷಯದಲ್ಲಿ ನಿನ್ನ ಭಾವ ಎಂಥ ಹಟಮಾರಿ ಎಂಬುದು ನಿನಗೆ ಗೊತ್ತೇ ಇದೆ. ಒಂದು ಸ್ಕ್ರೂ ಸವೆದರೂ ಆ ಕಾಲದ್ದೇ ಬೇಕು, ಇಲ್ಲದಿದ್ದರೆ ಆ ತೂತು ಹಾಗೇ ಇರಬೇಕು. ಬಿಸಿ ತೋರಿಸುವ ಮೀಟರು ಕೆಟ್ಟು ಎಷ್ಟು ಕಾಲವಾಯಿತೋ, ಅಸಲಿ ಮೀಟರು ಸಿಗಲಿಲ್ಲವೆಂದು ಹಾಗೇ ಬಿಟ್ಟರು. ಗೆಳೆಯನೊಬ್ಬ ತನ್ನ ಹಳೇ ಕಾರಿಗೆ ಹೊಸ ಹಾರ್ನ್ ಹಾಕಿಸಿದ ತಪ್ಪಿಗೆ ಅವನೊಡನೆ ಒಂದು ವರ್ಷ ಮಾತು ಬಿಟ್ಟಿದ್ದರು. ಈ ಹಟಕ್ಕೆಂದೇ ಹಳೇ ಕಾರುಗಳ ಸಂಘದವರು ಪ್ರತಿ ವರ್ಷ ಅವರಿಗೆ 'ಅಸಲಿ ವರ್ಗ'ದ ಬಹುಮಾನದ ಕಪ್ಪು ಕೊಡುತ್ತಾರೆ. ನಡುಮನೆಯ ಶೋಕೇಸಿನಲ್ಲಿ ಜಾಗ ಸಾಲದೆ ಕಪ್ಪುಗಳು ಅಡುಗೆಮನೆಗೆ ಬಂದಿವೆ. ಒಂದರಲ್ಲಿ ನಾನು ಸೌಟುಗಳನ್ನು ನಿಲ್ಲಿಸಿದ್ದೇನೆ.

ಸಂಘದವರೆಲ್ಲ ಕಾರು ತೆಗೆದುಕೊಂಡು ಹೋಗುವ ಓಡಾಟದಲ್ಲಿ, ಈ ಸಲದ ಕೊನೆಯದರಲ್ಲಿ, ದೊಡ್ಡಮ್ಮ ಮಾನ ಕಳೆದಳು. ಗುಡ್ಡದ ರಸ್ತೆಯ ಅರ್ಧದಲ್ಲಿ ಬಾನೆಟ್ಟಿನಿಂದ ಹೊಗೆಯೋ ಆವಿಯೋ ಬಿಡುತ್ತಾ, ಚಹಾ ಪಾತ್ರೆಯ ಹಾಗೆ ಬುಸುಗುಟ್ಟಿಕೊಂಡು ನಿಂತುಬಿಟ್ಟಳು. ಹಿಂದಿನ ಕಾರುಗಳೆಲ್ಲ ಸಾಲಾಗಿ ನಿಂತವು. ನಿನ್ನ ಭಾವ ಕೆಳಗಿಳಿದು, 'ಬೆಳಿಗ್ಗೆ ನೀರು ಹಾಕೋದನ್ನೇ ಮರೆತೆ ನೋಡಿ' ಎಂದು ಎಲ್ಲರೆದುರು ತಲೆ ಕೆರೆದುಕೊಂಡರು. ಎಲ್ಲರೂ ನಕ್ಕರು. ನಾನು ಮಾತ್ರ ಕಾರಿನಿಂದ ಇಳಿಯಲಿಲ್ಲ.

ಆಮೇಲೆ ಮಳೆ ಹಿಡಿಯಿತು, ಸಂಘದ ಓಡಾಟ ನಿಂತಿತು. ಹಳೇ ಕಾರುಗಳೆಲ್ಲ ಹೊದ್ದುಕೊಂಡು ಮನೆಯಲ್ಲಿ ಕೂರುವ ಕಾಲ. ಆಗ ಒಂದು ಬೆಳಿಗ್ಗೆ ನಿನ್ನ ಭಾವ ಚಹಾದ ಲೋಟ ಕೆಳಗಿಟ್ಟು, 'ದೊಡ್ಡಮ್ಮನಿಗೆ ಒಂದಿಷ್ಟು ಹೊಸ ಸಾಮಾನು ಹಾಕಿಸೋಣ ಅಂತಿದ್ದೀನಿ' ಎಂದರು. ನಾನು ಅವರ ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

ಸೇತುವೆಗಳ ನಕ್ಷೆ ಬರೆದು ನಿವೃತ್ತರಾದ ಮನುಷ್ಯ, ಊಟದ ಮೇಜಿನ ತುಂಬ ಕಾರಿನ ನಕ್ಷೆ ಹರಡಿಕೊಂಡು ಕೂತರು. ಒಂದು ವಾರ ನಾವು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದೆವು. ಒಳ್ಳೆಯ ಬ್ರೇಕು, ಸೀಟ್ ಬೆಲ್ಟು, ಹೊಸ ಹೆಡ್‌ಲೈಟು, ಬಿಸಿ ತೋರಿಸಲು ಮೀಟರು, ಎಣ್ಣೆಗೊಂದು ದೀಪ, ಎಂಜಿನ್ನಿನ ಫ್ಯಾನ್ ಬೆಲ್ಟಿಗೊಂದು ದೀಪ, ಹಿಂದಕ್ಕೆ ತೆಗೆಯುವಾಗ ನೋಡಲು ಕ್ಯಾಮೆರಾ. ಸುದ್ದಿ ಕೇಳಿ ಸಂಘದ ಅಧ್ಯಕ್ಷರು ಕೊಡೆ ಹಿಡಿದು ಓಡಿಬಂದರು. ಅವರೇ, ನೀನು ನೋಡಿದ್ದೀಯ, ಮಾತಿಗೆ ಮೊದಲು ಮೀಸೆ ಬರುತ್ತದಲ್ಲ, ಅವರು. ಆ ಮೀಸೆಯ ಹಿಂದಿನಿಂದ ಅವರು ಹೇಳಿದ್ದರಲ್ಲಿ ನನಗೆ ಅರ್ಧವೂ ತಿಳಿಯಲಿಲ್ಲ, ಉಳಿದದ್ದನ್ನು ನಿನ್ನ ಭಾವನನ್ನೇ ಕೇಳಿಕೊಂಡೆ. 'ಇದೆಲ್ಲಾ ಹಾಕಿಸಿದ್ರೆ ನಿಮ್ಮ ಗಾಡೀನ ಅಸಲಿ ವರ್ಗದಿಂದ ತೆಗೀಬೇಕಾಗುತ್ತೆ, ಇನ್ನೊಂದ್ಸಲ ಯೋಚನೆ ಮಾಡಿ' ಅಂದರಂತೆ. ಇವರು 'ತೆಗೀರಿ' ಅಂದರಂತೆ. ಚಹಾಕ್ಕೆ ಸಕ್ಕರೆ ಬೇಡ ಎನ್ನುವಷ್ಟು ಸಲೀಸಾಗಿ.

ಈಗ ನನ್ನ ಹೊಟ್ಟೆಯುರಿ ಕೇಳು. ಇಷ್ಟು ವರ್ಷ ದೊಡ್ಡಮ್ಮನಿಗೆ ಮೀಟರು ಯಾರು? ನಾನು. ಎಡಗಡೆ ಸೀಟಿನಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿಯೇ 'ಈಗ ಮೂರಕ್ಕೆ ಹಾಕಿ', 'ಬಿಸಿಯಾಗಿದ್ದಾಳೆ, ನೆರಳಲ್ಲಿ ನಿಲ್ಲಿಸಿ' ಎಂದು ಹೇಳುತ್ತಿದ್ದವಳು ನಾನು. ಹಿಂದಕ್ಕೆ ತೆಗೆಯುವಾಗ ಬಿಸಿಲೋ ಮಳೆಯೋ ಇಳಿದು ನಿಂತು 'ಬನ್ನಿ, ಬನ್ನಿ, ಸಾಕು' ಎಂದು ಗಂಟಲು ಹರಿದುಕೊಂಡವಳು ನಾನು. ಒಂದು ಸಲ ಮೀಸೆಯವರ ಕಾರು ಹಾದುಹೋದದ್ದನ್ನು ಕೇಳಿ, 'ಇವರ ಮುಂದಿನ ಚಕ್ರ ಇನ್ನು ಹೆಚ್ಚು ದಿನ ಬರಲ್ಲ' ಅಂದೆ, ಅದು ಹಾಗೇ ಆಯಿತು. ಅಂದಿನಿಂದ ಸಂಘದ ಗಂಡಸರೆಲ್ಲ ಹೊರಡುವ ಮುಂಚೆ ನನ್ನೆದುರು ಎಂಜಿನ್ ಹಚ್ಚಿ, ಪರೀಕ್ಷೆ ಬರೆದ ಮಕ್ಕಳ ಹಾಗೆ ಕಾಯುತ್ತಿದ್ದರು. 'ನಮ್ಮನೆಯವಳ ಕಿವಿ ಇರೋವಾಗ ಮೀಟರ್ ಯಾಕ್ರೀ' ಎಂದು ನಿನ್ನ ಭಾವ ಊರೆಲ್ಲ ಜಂಬ ಕೊಚ್ಚಿಕೊಂಡಿದ್ದರು. ಅದೇ ಮನುಷ್ಯ ಈಗ ಮೀಟರು ಹಾಕಿಸುತ್ತಿದ್ದಾರೆ, ಕ್ಯಾಮೆರಾ ಹಾಕಿಸುತ್ತಿದ್ದಾರೆ. ಇನ್ನು ನಾನು ಆ ಸೀಟಿನಲ್ಲಿ ಕೂತು ಏನು ಮಾಡಲಿ, ತರಕಾರಿ ಚೀಲದ ಹಾಗೆ? ಒಂದು ನಿವೃತ್ತಿಯ ಪತ್ರವನ್ನಾದರೂ ಬರೆದು ಕೈಗೆ ಕೊಡಬಾರದಿತ್ತೇ?

ಮೂರು ದಿನದಿಂದ ಮುಖ ಊದಿಸಿಕೊಂಡಿದ್ದೇನೆ. ಅವರು ನಕ್ಷೆಯಲ್ಲಿ ಮುಳುಗಿ ಅದನ್ನೂ ನೋಡಿಲ್ಲ. ಕುಕ್ಕರು ಕೂಗಿತು ಎಂದು ಒಳಗಿನಿಂದ ಹೇಳುತ್ತಿದ್ದಾರೆ, ಈ ಪತ್ರವನ್ನು ಆಮೇಲೆ ಮುಂದುವರಿಸುತ್ತೇನೆ.

ಶುಕ್ರವಾರ

ಪುಟ್ಟಿ, ಮೇಲಿನದನ್ನು ಬರೆಯುವಾಗಿನ ಕೋಪ ಇನ್ನೂ ಇದೆಯೇ ಎಂದು ಕೇಳಬೇಡ. ಓದಿಕೊಂಡು ಹೋಗು.

ನಿನ್ನೆ ಗ್ಯಾರೇಜಿಗೆ ಹೋದೆ. ನಿನ್ನ ಭಾವನ ಜೊತೆ ಜಗಳವಾಡಿದರೆ ಅವರು ಜಗಳವನ್ನೇ ಆಡುವುದಿಲ್ಲ, ಹಾಗಾಗಿ ಮೆಕ್ಯಾನಿಕ್ಕನ ಜೊತೆಯಾದರೂ ಆಡೋಣ ಎಂದು ಹೊರಟೆ. ಅವನು ಬಾಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡೇ ಮಾತಾಡುವ ಮನುಷ್ಯ, ಮಾತು ನಿಲ್ಲಿಸಿದರೆ ಸ್ಕ್ರೂ ಉದುರುತ್ತವೆ ಎಂಬ ಭಯ ಇರಬೇಕು. 'ಮೊದಲು ಅವನ್ನ ಉಗುಳು, ಆಮೇಲೆ ನನ್ನ ಕಡೆ ತಿರುಗಿ ಮಾತಾಡು' ಅಂದೆ. ಉಗುಳಿದ, ತಿರುಗಿದ.

'ಅಮ್ಮಾ, ನೀವು ಬಂದಿದ್ದು ಒಳ್ಳೇದಾಯ್ತು' ಎಂದ. 'ನಿಮ್ಮ ಯಜಮಾನ್ರಿಗೆ ನೀವೇ ಸ್ವಲ್ಪ ಹೇಳಿ. ಮೀಟರು, ದೀಪ, ಕ್ಯಾಮೆರಾದ ಸ್ಕ್ರೀನು, ಎಲ್ಲಾನೂ ಎಡಗಡೆ ಸೀಟಿನ ಮುಂದೆ ಹಾಕು ಅಂತಾರೆ. ಗಾಡಿ ಓಡಿಸೋರು ಬಲಗಡೆ, ಮೀಟರ್ ಎಡಗಡೆ. ನನ್ನ ಮರ್ಯಾದೆ ಏನಾಗ್ಬೇಕು?'

'ಎಡಗಡೆ ಅಂದ್ರಾ? ಸರಿಯಾಗಿ ಕೇಳಿಸಿಕೊಂಡ್ಯಾ?'

'ಮೂರು ಸಲ ಕೇಳಿದೆ. ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದ್ರು. ಇನ್ನೊಂದು ಕೇಳಿ. ಫ್ಯಾನ್ ಬೆಲ್ಟ್ ಸಡಿಲ ಆದ್ರೆ ಬೀಪ್ ಅಂತ ಕೂಗೋ ಒಳ್ಳೇ ಸಾಮಾನು ತರಿಸಿದ್ದೆ. ಬೇಡ ಅಂತ ವಾಪಸ್ ಕಳಿಸಿದ್ರು. ಕೂಗೋದು ಒಂದೂ ಬೇಡ, ಎಲ್ಲಾ ದೀಪ ಆಗ್ಬೇಕು, ದೊಡ್ಡದಿರಲಿ, ಕೆಂಪಗಿರಲಿ ಅಂದ್ರು. ಯಾಕೆ ಸಾರ್ ಅಂದ್ರೆ, ನಂಗೆ ಕಿವಿ ಮಂದ ಆಗಿದೆ ಕಣಯ್ಯ ಅಂದ್ರು. ಅಮ್ಮಾ, ಅವರಿಗೆ ಕಿವಿ ಮಂದ ಆಗಿದ್ರೆ ದೀಪ ಅವರ ಮುಂದೆ ಅಲ್ವಾ ಇರ್ಬೇಕು?'

'ಅವರು ಹೇಳಿದ ಹಾಗೇ ಮಾಡು' ಎಂದು ಹೇಳಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಅವನು ನೀರು ತಂದುಕೊಟ್ಟ.

ಅಷ್ಟರಲ್ಲಿ ನಿನ್ನ ಭಾವನೇ ಕೊಡೆ ಮಡಚುತ್ತಾ ಬಂದರು. ನನ್ನನ್ನು ನೋಡಿ, ಕದ್ದು ಸಿಹಿ ತಿನ್ನುವಾಗ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತರು. 'ಇದೇನ್ರೀ, ಮೀಟರನ್ನ ನನ್ನ ಮುಂದೆ ಹಾಕಿಸ್ತಿದ್ದೀರಂತೆ?' ಎಂದು ಕೇಳಿದೆ.

'ಮತ್ತೆ? ನಾನು ರಸ್ತೆ ನೋಡ್ಲೋ ಮೀಟರ್ ನೋಡ್ಲೋ?' ಎಂದರು. ನನ್ನ ಎದುರಿಗೇ ಬಂದು ನಿಂತು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. 'ಮೀಟರ್ ನೋಡೋಕೆ ನೀನಿದ್ದೀಯಲ್ಲ. ಇಷ್ಟು ವರ್ಷ ಯಾರು ಹೇಳ್ತಿದ್ರು?'

ಅರ್ಧ ಕೆಲಸ ಮುಗಿದಿತ್ತು, ಪರೀಕ್ಷೆ ಮಾಡಿ ನೋಡೋಣ ಎಂದು ಇಬ್ಬರೂ ದೊಡ್ಡಮ್ಮನನ್ನು ಹತ್ತಿದೆವು. ನನ್ನ ಸೀಟಿನ ಮುಂದೆ ದೀಪಗಳ ಸಾಲು, ವಿಮಾನದಲ್ಲಿ ಕೂತ ಹಾಗಿತ್ತು. ಕಾರನ್ನು ಹಿಂದಕ್ಕೆ ತೆಗೆದರು. ಪುಟ್ಟ ಪರದೆಯಲ್ಲಿ ಗ್ಯಾರೇಜಿನ ಗೋಡೆ ಬರತೊಡಗಿತು. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ, ಸೀಟಿನಲ್ಲಿ ಕೂತಲ್ಲಿಂದಲೇ 'ಬನ್ನಿ, ಬನ್ನಿ, ಸಾಕು' ಎಂದು ಕಿರುಚಿದೆ. ಮೆಕ್ಯಾನಿಕ್ಕನ ಕೈಯಲ್ಲಿದ್ದ ಸ್ಪ್ಯಾನರು ಬಿತ್ತು. ನಿನ್ನ ಭಾವ ಕಿವಿ ಮುಚ್ಚಿಕೊಂಡು, 'ನಿಧಾನಕ್ಕೆ ಹೇಳೇ, ಪಕ್ಕದಲ್ಲೇ ಇದ್ದೀನಿ, ಕೇಳುತ್ತೆ ನಂಗೆ' ಎಂದರು. ಆಮೇಲೆ ತಮಗೆ ಕಿವಿ ಮಂದ ಎಂಬುದು ನೆನಪಾಗಿ, ಬಹಳ ಹೊತ್ತು ಸ್ಟೀರಿಂಗ್ ಒರೆಸುತ್ತಾ ಕೂತರು.

ಸಂಘದ ಕಪ್ಪು ಇನ್ನು ಬರುವುದಿಲ್ಲ. ಸೌಟಿಗೆ ಒಂದು ಸಾಕು. ಮಳೆ ನಿಂತ ಕೂಡಲೇ ದೊಡ್ಡಮ್ಮನಲ್ಲೇ ನಿಮ್ಮ ಮನೆಗೆ ಬರುತ್ತೇವೆ. ಮೀಟರು ನೋಡಿಕೊಂಡು ಹೇಳುವವಳು ನಾನು, ನೀನು ಹೆದರಬೇಡ. ನಿನ್ನ ಯಜಮಾನರ ಕೈ ಗಟ್ಟಿಯಾಗಲಿ, ಸೊಸೆ ನಿನ್ನನ್ನು ಹೂವಿನ ಹಾಗೆ ನೋಡಿಕೊಳ್ಳಲಿ, ನಿನ್ನ ಮನೆ ನಗುತ್ತಿರಲಿ.

ಇಂತಿ,
ನಿನ್ನ ಮೂಗು ಒರೆಸಿದ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ನಿನ್ನ ಭಾವನ ಕಿವಿಗೆ ಏನೂ ಆಗಿಲ್ಲ ಪುಟ್ಟಿ. ಆಗಿರುವುದು ನನ್ನ ಕಿವಿಗೆ. ಆ ದಿನ ಅವರು ನೀರು ಹಾಕುವುದನ್ನು ಮರೆತಿರಲಿಲ್ಲ. ಗುಡ್ಡದ ಬುಡದಿಂದಲೇ ಫ್ಯಾನ್ ಬೆಲ್ಟು ಸಡಿಲವಾಗಿ ಕಿರುಚುತ್ತಿತ್ತಂತೆ, ಹಿಂದಿನ ಕಾರಿನಲ್ಲಿದ್ದ ಮೀಸೆಯವರ ಹೆಂಡತಿ ಆಮೇಲೆ ಹೇಳಿದರು. ನಿನ್ನ ಭಾವ ಎರಡು ಸಲ ನನ್ನ ಕಡೆ ತಿರುಗಿ 'ಏನೋ ಸದ್ದು ಬರ್ತಿದೆಯಲ್ಲ?' ಎಂದಿದ್ದರು. 'ಏನೂ ಇಲ್ಲ, ನಡೀರಿ' ಅಂದೆ. ತಮ್ಮ ಕಿವಿಗೆ ಕೇಳುತ್ತಿದ್ದುದನ್ನು ಬಿಟ್ಟು ಅವರು ನನ್ನ ಮಾತು ನಂಬಿ ನಡೆದರು. ಅಂದಿನಿಂದ ಅವರು ಆ ವಿಷಯ ಎತ್ತಿಲ್ಲ, ನಾನೂ ಎತ್ತಿಲ್ಲ. ಬಾಯಿಬಿಟ್ಟು ಹೇಳುತ್ತಿರುವುದು ನಿನ್ನೊಬ್ಬಳಿಗೇ. ಡಾಕ್ಟರ ಹತ್ತಿರ ಹೋಗುತ್ತೇನೆ, ಬೈಯಬೇಡ.

ಫೋನಿನಲ್ಲಿ ನೀನು ಅಳುತ್ತಿದ್ದೆ ಎಂದು ಬರೆದಿದ್ದೀಯ. ಚಿಕ್ಕವಳಿದ್ದಾಗ ನೀನು ಪಕ್ಕದ ಕೋಣೆಯಲ್ಲಿ ಮುಸುಕಿನೊಳಗೆ ಅತ್ತರೂ ನನಗೆ ಕೇಳುತ್ತಿತ್ತು. ಈ ಸಲ ಕೇಳಲಿಲ್ಲ. ಇನ್ನು ಮೇಲೆ ಫೋನ್ ಮಾಡಬೇಡ, ಬರೆ. ಅತ್ತಿದ್ದರೆ ಅತ್ತಿದ್ದೇನೆ ಎಂದೇ ಬರೆ. ಅಕ್ಷರ ದೊಡ್ಡದಾಗಿ ಬರೆಯಬೇಕಾಗಿಲ್ಲ, ಕಣ್ಣು ಇನ್ನೂ ಚೆನ್ನಾಗಿದೆ.